ದಿನ ಕೇಳದ ಫಾರಂ

ಜಲಜಮ್ಮನ ಪಾಲಿಗೆ ಕಂಪ್ಯೂಟರ್ ಬಂದದ್ದು ಏರ್‌ಕಂಡೀಷನ್ನಿನ ದೆಸೆಯಿಂದ. ಎಂಬತ್ತೆಂಟರ ಫೆಬ್ರವರಿಯಲ್ಲಿ ಮದರಾಸಿನ ಹೆಡ್ಡಾಫೀಸು ಹೊಸೂರಿನಲ್ಲಿ ಯಂತ್ರಗಳಿಗೆ ಉಕ್ಕಿನ ಪಿನ್ನು ಮಾಡುವ ಕಾರ್ಖಾನೆಗೆ ಒಂದು ದೊಡ್ಡ ಪೆಟ್ಟಿಗೆ ಕಳಿಸಿತು. ಮ್ಯಾನೇಜರರ ಕಾಗದಪತ್ರ ಟೈಪು ಮಾಡುವುದಕ್ಕೆಂದು ಬಂದ ಯಂತ್ರ ಅದು. ಆದರೆ ಅದಕ್ಕೆ ತಣ್ಣನೆಯ ಕೋಣೆಯೇ ಆಗಬೇಕೆಂದು ಜೊತೆಯಲ್ಲಿ ಬಂದ ಚಿನ್ನಸ್ವಾಮಿ ಹಟ ಹಿಡಿದ. ಇಡೀ ಕಾರ್ಖಾನೆಯಲ್ಲಿ ತಣ್ಣನೆಯ ಕೋಣೆ ಎಂದರೆ ಒಂದೇ, ಅಳತೆ ಕೋಣೆ. ಉಕ್ಕು ಬಿಸಿಗೆ ಹಿಗ್ಗುತ್ತದೆ, ಹಾಗಾಗಿ ಪಿನ್ನು ಅಳೆಯುವ ಜಾಗ ವರ್ಷವಿಡೀ ಒಂದೇ ಹದದಲ್ಲಿ ತಣ್ಣಗಿರಬೇಕು. ಮ್ಯಾನೇಜರ್ ಜಯರಾಮಯ್ಯನವರು ತಮ್ಮ ರೂಮಿನ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಿದ್ದರೆ, ಅಳತೆ ಕೋಣೆಯ ಮೂಲೆಯಲ್ಲಿ ಅಂಕಿ ಅಂಶ ಬರೆಯುವ ಜಲಜಮ್ಮ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಯಂತ್ರ ಅವಳ ಮೇಜಿನ ಪಕ್ಕಕ್ಕೇ ಬಂತು.

ಜಲಜಮ್ಮ ಹೊಸೂರಿನವಳೇ. ಅಪ್ಪ ಸುಬ್ಬರಾಮ ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ಮಗಳು ಸ್ಟ್ಯಾಟಿಸ್ಟಿಕ್ಸ್ ಓದಿ ಬಿ.ಎಸ್‌ಸಿ. ಮಾಡಿದಾಗ ಓಣಿಗೆಲ್ಲ ಮೈಸೂರುಪಾಕು ಹಂಚಿದ್ದರು. ಓದಿದ್ದು ಅಷ್ಟು, ಹನ್ನೆರಡು ವರ್ಷ ಮಾಡಿದ್ದು ಮಾತ್ರ ಬರೀ ಕೂಡುವ ಕೆಲಸ. ಇನ್‌ಸ್ಪೆಕ್ಟರ್ ಕದಿರಪ್ಪ ಒಂದೊಂದು ಬುಟ್ಟಿ ಪಿನ್ನು ಅಳೆದು ಒಂದೊಂದು ಚೀಟಿ ಬರೆಯುತ್ತಿದ್ದ. ತಾರೀಖು, ಮೆಷಿನ್ ನಂಬರು, ಕೆಲಸಗಾರನ ಹೆಸರು, ಅಳೆದದ್ದೆಷ್ಟು, ಕೆಟ್ಟದ್ದೆಷ್ಟು, ಯಾಕೆ ಕೆಟ್ಟಿತು. ಬರೆದು ಕಂಬಿಗೆ ಚುಚ್ಚಿಬಿಡುತ್ತಿದ್ದ. ತಿಂಗಳ ಕೊನೆಗೆ ಜಲಜಮ್ಮ ಆ ಚೀಟಿಗಳನ್ನು ಕಿತ್ತು, ಹೆಸರಿನ ಪ್ರಕಾರ ರಾಶಿ ಹಾಕಿ, ಕೂಡಿ, ಮದರಾಸಿನ ಫಾರಮ್ಮಿನಲ್ಲಿ ತುಂಬುತ್ತಿದ್ದಳು, ಒಂದು ಪ್ರತಿ ನೋಟೀಸ್ ಬೋರ್ಡಿಗೂ ಹೋಗುತ್ತಿತ್ತು. ಎಡಗಡೆ ಹೆಸರು, ಬಲಗಡೆ ಮೊತ್ತ, ಕೆಳಗೆ ಅವಳ ಸಹಿ. ಫಾರಂ ಕೇಳುತ್ತಿದ್ದದ್ದು ಅಷ್ಟೇ.

ಬೇರೆ ಯಾವುದಾದರೂ ಲೆಕ್ಕ ನೋಡಬೇಕೆನಿಸಿದರೆ ಮದರಾಸಿನ ಕಂಪ್ಯೂಟರ್ ಸೆಕ್ಷನ್ನಿಗೆ ಮೂರು ಪ್ರತಿ ಅರ್ಜಿ ಬರೆಯಬೇಕು, ಹದಿನೈದು ದಿನ ಕಾಯಬೇಕು. ಹನ್ನೆರಡು ವರ್ಷದಲ್ಲಿ ಅವಳು ಎರಡು ಸಲ ಬರೆದಿದ್ದಳು. ಒಂದು ಸಲ ಬೇರೆ ಯಾವುದೋ ಕಾರ್ಖಾನೆಯ ಲೆಕ್ಕ ಬಂತು. ಇನ್ನೊಂದು ಸಲ, ಈ ಮಾಹಿತಿ ನಿಮಗೆ ಏತಕ್ಕೆ ಎಂದು ಕೇಳುವ ಕಾಗದ ಬಂತು. ಆಮೇಲೆ ಅವಳು ಕೇಳುವ ಗೋಜಿಗೇ ಹೋಗಲಿಲ್ಲ.

ಚಿನ್ನಸ್ವಾಮಿ ಆ ಸೆಕ್ಷನ್ನಿನವನೇ. ಯಂತ್ರ ಜೋಡಿಸಲು ಬಂದವನು ಮೂರು ದಿನ ಹೊಸೂರಿನಲ್ಲಿದ್ದ. ಒಳಕ್ಕೆ ಬರುವವರೆಲ್ಲ ಚಪ್ಪಲಿ ಬಿಟ್ಟು ಬರಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದ. ಮೂರನೆಯ ದಿನ ಬಸ್ಸಿಗೆ ಇನ್ನೂ ಹೊತ್ತಿದ್ದದ್ದರಿಂದ ಒಂದು ಫ್ಲಾಪಿ ತಟ್ಟೆ ಹಾಕಿ ಯಂತ್ರ ಚಾಲೂ ಮಾಡಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಅಡ್ಡಸಾಲು, ಉದ್ದಸಾಲು ಮೂಡಿದವು.

"ಇದುಕ್ಕೆ ಪ್ರೋಗ್ರಾಂ ಬರಿಯೋದು ಬೇಡ ಮೇಡಂ," ಎಂದ ಚಿನ್ನಸ್ವಾಮಿ ತನ್ನ ತಮಿಳುಗನ್ನಡದಲ್ಲಿ. "ಟೇಬಲ್ ಹಾಕೋದು ತಿಳಿದ್ರೆ ಪೋದುಂ, ಸಾಕು. ಸುಮ್ಮಾ ಒತ್ತಿ ಪಾರುಂಗೋ."

ಜಲಜಮ್ಮ ಒತ್ತಿ ನೋಡಿದಳು. ಒಂದು ಮನೆಯಲ್ಲಿ ಹತ್ತು, ಕೆಳಗಿನ ಮನೆಯಲ್ಲಿ ಇಪ್ಪತ್ತು, ಅದರ ಕೆಳಗೆ ಕೂಡು ಎಂದಳು, ಮೂವತ್ತು ಬಂತು. ಇದೇನು ಮಹಾ ಎಂದುಕೊಂಡು ಮೇಲಿನ ಹತ್ತನ್ನು ಐವತ್ತು ಮಾಡಿದಳು. ಕೆಳಗಿನ ಮೊತ್ತ ತಾನಾಗಿಯೇ ಎಪ್ಪತ್ತಾಯಿತು. ಯಾರೂ ಅಳಿಸಲಿಲ್ಲ, ಯಾರೂ ತಿರುಗಿ ಕೂಡಲಿಲ್ಲ. ಅವಳಿಗೆ ಮೈ ಜುಮ್ಮೆಂದಿತು. ಒಂದು ಅಂಕಿ ತಪ್ಪಿ ಇಡೀ ಹಾಳೆ ಹರಿದು ಹೊಸದಾಗಿ ಬರೆದ ಮಧ್ಯಾಹ್ನಗಳು ಒಂದೆರಡಲ್ಲ ಅವಳ ಆಯುಸ್ಸಿನಲ್ಲಿ. ಚಿನ್ನಸ್ವಾಮಿ ಇನ್ನೂ ಒಂದು ತೋರಿಸಿದ. ಓರೆಗೆರೆಯ ಗುಂಡಿ ಒತ್ತಿದರೆ ಮೇಲೆ ಮಾತುಗಳ ಸಾಲು ಬರುತ್ತದೆ, ಅದರಲ್ಲಿ ಒಂದನ್ನು ಆರಿಸಿದರೆ ಎಲ್ಲ ಚೀಟಿಗಳೂ ಬೇಕಾದ ಕಾಲಮ್ಮಿನ ಪ್ರಕಾರ ಸರದಿಯಲ್ಲಿ ನಿಲ್ಲುತ್ತವೆ. ಹೆಸರಿನ ಪ್ರಕಾರ ಎಂದರೆ ಹೆಸರು, ತಾರೀಖಿನ ಪ್ರಕಾರ ಎಂದರೆ ತಾರೀಖು. ಅವನು ಬಸ್ಸು ಹತ್ತುವ ಹೊತ್ತಿಗೆ ಜಲಜಮ್ಮ ಹತ್ತು ಚೀಟಿ ತುಂಬಿ, ನಾಲ್ಕು ಥರ ಜೋಡಿಸಿ ನೋಡಿಯಾಗಿತ್ತು. ಮ್ಯಾನೇಜರರ ಕಾಗದಗಳನ್ನು ಟೈಪಿಸ್ಟ್ ರಾಧಮ್ಮ ತನ್ನ ಹಳೆಯ ಮೆಷಿನ್ನಿನಲ್ಲೇ ಹೊಡೆಯುತ್ತಿದ್ದಳು. ಹೊಸದಕ್ಕೆ ಕೈ ಇಡುವುದಿಲ್ಲ ಎಂದುಬಿಟ್ಟಿದ್ದಳು.

ಮಾರ್ಚ್ ಮೂರನೆಯ ವಾರ ಜಯರಾಮಯ್ಯನವರು ಅವಳನ್ನು ಕರೆಸಿದರು.

"ಶುಕ್ರವಾರ ಮದರಾಸಿಗೆ ಪರ್ಮನೆಂಟ್ ಲಿಸ್ಟು ಹೋಗಬೇಕು ಜಲಜಮ್ಮ. ಸೊಣ್ಣಪ್ಪನ ಆರು ತಿಂಗಳ ಲೆಕ್ಕ ಒಂದು ಹಾಳೇಲಿ ಬರೆದುಕೊಡಿ. ಅವನ್ನ ಲಿಸ್ಟಿಂದ ಬಿಟ್ಟು ಮನೆಗೆ ಕಳಿಸ್ತಾ ಇದೀನಿ."

ಸೊಣ್ಣಪ್ಪ ಉದ್ದನಪಲ್ಲಿಯ ಹುಡುಗ, ಇಪ್ಪತ್ತಾರು ವರ್ಷ. ಮೂರನೇ ನಂಬರಿನ ಗ್ರೈಂಡಿಂಗ್ ಮೆಷಿನ್ ಅವನದು. ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಸಣ್ಣ ಪಿನ್ನು ತಯಾರಾಗುವುದು ಅದೊಂದರಲ್ಲೇ, ಒಂದೇ ಪಾಳಿಯಲ್ಲಿ, ಅವನೊಬ್ಬನ ಕೈಯಲ್ಲೇ. ಸೇರಿದ ಮೊದಲ ಆರು ತಿಂಗಳು ನೂರಕ್ಕೆ ಎರಡು ಪಿನ್ನೂ ಕೆಟ್ಟಿರಲಿಲ್ಲ. ದೀಪಾವಳಿ ಆದಮೇಲೆ ಏನು ಗ್ರಹಚಾರವೋ, ನೂರಕ್ಕೆ ಏಳು, ಎಂಟು. ಎಲ್ಲವೂ "ಸಣ್ಣ" ಎಂದೇ ಚೀಟಿ. ದಪ್ಪ ಉಳಿದ ಪಿನ್ನನ್ನು ಇನ್ನೊಮ್ಮೆ ಉಜ್ಜಬಹುದು, ಸಣ್ಣದಾದದ್ದಕ್ಕೆ ಕೆಂಪು ಬಣ್ಣ ಬಳಿದು ಗುಜರಿ ಡಬ್ಬಕ್ಕೆ ಹಾಕುವುದೇ.

"ಯಾಕೆ ಹಾಗೆ ಕೆಡ್ತಿದೆ ಅಂತ ನೋಡಿದ್ರಾ ಸಾರ್?"

"ನೋಡೋದೇನು? ರಾಗಿ ಕುಯ್ಲಿಂದ ಆನೆ ಕಾಯ್ತಾನಮ್ಮ ಅವನು. ರಾತ್ರಿಯೆಲ್ಲ ಅಟ್ಟಣೆ ಮೇಲೆ ತಮಟೆ ಬಡಿದು ಬೆಳಿಗ್ಗೆ ಇಲ್ಲಿ ಬಂದು ತೂಕಡಿಸ್ತಾನೆ. ಕೈ ನಿಲ್ಲತ್ತಾ? ನಿಮ್ಮ ಫಾರಮ್ಮೇ ಹೇಳತ್ತಲ್ಲ."

ನಿಮ್ಮ ಫಾರಮ್ಮು ಎಂದದ್ದು ಜಲಜಮ್ಮನಿಗೆ ಚುಚ್ಚಿತು. ನಿಜ, ಐದು ತಿಂಗಳಿಂದ ಸೊಣ್ಣಪ್ಪನ ಹೆಸರಿನ ಮುಂದೆ ಆ ದೊಡ್ಡ ಅಂಕಿ ಬರೆದು ಸಹಿ ಹಾಕಿದವಳು ಅವಳೇ. ಹಾಗೆಂದು ಅದು ಆನೆಯ ವಿಷಯ ಏನನ್ನೂ ಹೇಳಿರಲಿಲ್ಲ.

ಅವಳು ಮೂರನೇ ಮೆಷಿನ್ನಿನ ದೀಪಾವಳಿಯಿಂದೀಚಿನ ಎಲ್ಲ ಚೀಟಿಗಳನ್ನೂ ಪರದೆಗೆ ತುಂಬತೊಡಗಿದಳು. ಇನ್ನೂರು ಚಿಲ್ಲರೆ ಇದ್ದವು, ಎರಡು ದಿನ ಹಿಡಿಯಿತು. ಮಂಗಳವಾರ ಮಧ್ಯಾಹ್ನ, ಸ್ಟೋರಿನ ಪುಸ್ತಕದ ತಾರೀಖುಗಳನ್ನು ಪಕ್ಕಕ್ಕಿಟ್ಟುಕೊಂಡು, ಕೇಳಲು ಶುರುಮಾಡಿದಳು. ಉಕ್ಕಿನ ಸರಕು ಬದಲಾದಾಗ ಕೆಟ್ಟಿತೇ? ಇಲ್ಲ. ಸಾಣೆಚಕ್ರ ಹೊಸದು ಹಾಕಿದ ಮೇಲೆ? ಅದೂ ಇಲ್ಲ. ಮೆಷಿನ್ನಿಗೆ ಹೊಯ್ಯುವ ಎಣ್ಣೆನೀರು ಬದಲಾಯಿಸಿದ ದಿನ? ಇಲ್ಲ. ಒಂದೊಂದು ಪ್ರಶ್ನೆಗೂ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು. ಮದರಾಸಿಗೆ ಬರೆದಿದ್ದರೆ ಈ ಮೂರಕ್ಕೇ ಒಂದೂವರೆ ತಿಂಗಳು, ಜೊತೆಗೆ ಏತಕ್ಕೆ ಎಂಬ ಕಾಗದ. ಇಲ್ಲಿ ಪೆದ್ದು ಪ್ರಶ್ನೆ ಕೇಳಿದರೂ ಯಾರೂ ಮೂಗು ಮುರಿಯುವುದಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ತಾನು ಓದಿದ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು, ಆ ಸಂತೋಷಕ್ಕೆ ಕಾಫಿ ತಣ್ಣಗಾದದ್ದೂ ತಿಳಿಯಲಿಲ್ಲ.

ಉಳಿದದ್ದು ಆನೆ. ಬುಧವಾರ ಬೆಳಿಗ್ಗೆ ಸೊಣ್ಣಪ್ಪನನ್ನು ಕರೆಸಿದಳು. ಅವನು ಚಪ್ಪಲಿ ಬಿಟ್ಟು, ಕೈಯೊರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತ.

"ಬಾಪ್ಪ, ಕೂತ್ಕೊ. ಆನೆ ಕಾಯೋಕೆ ನೀನು ಯಾವ್ಯಾವ ದಿನ ಹೋಗ್ತಿದ್ದೆ?"

"ನಾವು ಮೂರು ಜನ ಅಣ್ತಮ್ಮಂದ್ರು ಅಕ್ಕಾ. ದಿನ ಹಂಚ್ಕೊಂಡಿದ್ವಿ. ಸ್ವಾಮಾರ, ಬೇಸ್ತಾರ ನಂದು."

"ಈಗಲೂ ಹೋಗ್ತೀಯಾ?"

ಸೊಣ್ಣಪ್ಪ ನೆಲ ನೋಡಿದ. "ಇಲ್ಲಕ್ಕಾ. ಸಂಕ್ರಾಂತಿಯಿಂದ ಬುಟ್ಬುಟ್ಟೆ. ಪಿನ್ನು ಕೆಡ್ತಾ ಐತೆ, ನಿದ್ದೆಗೆಟ್ಟು ಕೆಡ್ತಾ ಐತೆ ಅಂತ ಸಾಯೇಬ್ರು ಅಂದ್ರು. ನಂಗೂ ಹಂಗೇ ಅನ್ನುಸ್ತು. ಬೋರ್ಡ್ ಮ್ಯಾಲೆ ನಿಮ್ಮ ಲೆಕ್ಕ ಹಾಕಿದ್ರಲ್ಲ, ನನ್ನೆಸ್ರೇ ಎಲ್ರಿಗಿಂತ ಮ್ಯಾಲೆ. ಒಂದ್ ಬೇಸ್ತಾರ ನಾನು ಹೋಗ್ನಿಲ್ಲ ಅಂತ ನಮ್ಮಪ್ಪನೇ ಹೋಗಿ ಅಟ್ಟಣೆ ಹತ್ತಿದ್ರು. ವಯಸ್ಸಾಯ್ತು, ಕಣ್ಣು ಕಾಣಾಕಿಲ್ಲ. ಎರಡಾನೆ ಬಂದು ಇಡೀ ರಾಗಿ ಮೆದೆ ಎಳ್ದಾಡಿ ತಿಂದು ಹೋದ್ವು. ವರ್ಸದ ಹಿಟ್ಟು ಅದು."

"ಅಪ್ಪನಿಗೆ ಏನೂ ಆಗಲಿಲ್ಲ ತಾನೆ?"

"ಏನಿಲ್ಲ. ಮಾತ್ ಬುಟ್ಟವ್ರೆ ನನ್ ಕೂಟೆ, ಅಷ್ಟೇಯ." ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ಅಷ್ಟಾದ್ರೂ ಪಿನ್ನು ಕೆಡೋದು ನಿಲ್ನಿಲ್ಲವಲ್ಲಕ್ಕಾ. ನನ್ ಕೈಗೇನಾಗೈತೆ?"

ಅವನು ಹೋದಮೇಲೆ ಗೋಡೆಯ ಕ್ಯಾಲೆಂಡರು ಇಳಿಸಿಕೊಂಡು, ಪ್ರತಿ ತಾರೀಖಿನ ಪಕ್ಕದಲ್ಲೂ ವಾರ ತುಂಬುತ್ತ ಹೋದಳು. ಚೀಟಿಯಲ್ಲಿ ತಾರೀಖಿತ್ತು, ವಾರ ಇರಲಿಲ್ಲ. ಜಯರಾಮಯ್ಯನವರ ಮಾತು ನಿಜವಾದರೆ ಸೋಮವಾರದ ಮರುದಿನ, ಗುರುವಾರದ ಮರುದಿನ ಹೆಚ್ಚು ಪಿನ್ನು ಕೆಡಬೇಕು. ತುಂಬಿ ಮುಗಿಸಿ ಓರೆಗೆರೆ ಒತ್ತಿದಳು. ಸಾಲುಗಳು ಸರಸರನೆ ಜಾಗ ಬದಲಿಸಿದವು.

ಶುಕ್ರವಾರ, ಇನ್ನೂರು ಪಿನ್ನಿಗೆ ನಲವತ್ತು ಕೆಟ್ಟದ್ದು. ಸಾಹೇಬರದೇ ನಿಜವಾಯಿತಲ್ಲ!

ಆದರೆ ಕೆಳಗೆ ನೋಡಿದರೆ ಮಂಗಳವಾರ ಬರೀ ಮೂರು. ಸೋಮವಾರ, ಬುಧವಾರ, ಗುರುವಾರ ಮೂರು ನಾಲ್ಕರ ಆಸುಪಾಸು. ಶನಿವಾರ ಮತ್ತೆ ಮೂವತ್ತೆಂಟು. ಅವನು ಶುಕ್ರವಾರ ರಾತ್ರಿ ಕಾಯಲು ಹೋದವನೇ ಅಲ್ಲ. ಸಂಕ್ರಾಂತಿಯಾದ ಮೇಲೆ ಯಾವ ರಾತ್ರಿಯೂ ಹೋದವನಲ್ಲ, ಆದರೂ ಶುಕ್ರವಾರ ಶನಿವಾರಗಳು ಹಾಗೇ ನಿಂತಿದ್ದವು. ಇದು ಆನೆಯ ಕೆಲಸ ಅಲ್ಲ. ಸೊಣ್ಣಪ್ಪನ ಕೈಯ ಕೆಲಸವೂ ಇರಲಾರದು, ಯಾವ ಕೈಯೂ ವಾರ ನೋಡಿಕೊಂಡು ಕೆಡುವುದಿಲ್ಲ. ಐದು ತಿಂಗಳು ಇದೇ ಚೀಟಿಗಳು ಅವಳ ಬೆರಳ ಕೆಳಗೇ ಹಾದುಹೋಗಿದ್ದವು. ಫಾರಂ ಹೆಸರು ಕೇಳಿತ್ತು, ಅವಳು ಹೆಸರು ಕೊಟ್ಟಿದ್ದಳು. ದಿನ ಕೇಳಿರಲಿಲ್ಲ, ಅವಳಿಗೂ ಕೇಳಬೇಕೆಂದು ಹೊಳೆದಿರಲಿಲ್ಲ.

"ಕದಿರಪ್ಪ, ಶುಕ್ರವಾರ ಇಲ್ಲಿ ಏನು ವಿಶೇಷ?" ಎಂದು ಜೋರಾಗಿ ಕೇಳಿದಳು.

ಕದಿರಪ್ಪ ಪಿನ್ನು ಅಳೆಯುತ್ತಿದ್ದವನು ತಲೆಯೆತ್ತದೆ ನಕ್ಕ. "ಏನಮ್ಮಾ, ನಮ್ಮನ್ನ ಕೇಳ್ತೀರಾ? ಶುಕ್ರವಾರ ಪೂಜೆ ಮಾಡೋರು ನೀವು ತಾನೇ?"

ಜಲಜಮ್ಮ ನಿಧಾನವಾಗಿ ಗೋಡೆಯ ಲಕ್ಷ್ಮಿ ಪಟದ ಕಡೆ ನೋಡಿದಳು, ಅದರ ಕೆಳಗಿನ ಹಲಗೆಯ ಕಡೆ ನೋಡಿದಳು. ಹಲಗೆಯ ಮೇಲೆ ಮೂರು ಮರದ ಡಬ್ಬಿ. ಒಂದೊಂದರಲ್ಲಿ ಒಂದೊಂದು ಮಾಸ್ಟರ್. ಮಾಸ್ಟರ್ ಎಂದರೆ ಅಚ್ಚುಕಟ್ಟಾದ ಅಳತೆಯ ಉಕ್ಕಿನ ತುಂಡು. ಬೆಳಿಗ್ಗೆ ಕದಿರಪ್ಪ ಅದನ್ನು ಅಳೆಯುವ ಮುಳ್ಳಿನ ಕೆಳಗಿಟ್ಟು ಸೊನ್ನೆ ಹೊಂದಿಸುತ್ತಾನೆ, ಆ ದಿನದ ಎಲ್ಲ ಪಿನ್ನುಗಳೂ ಅದಕ್ಕಿಂತ ದಪ್ಪವೋ ಸಣ್ಣವೋ ಎಂದು ಮುಳ್ಳು ಹೇಳುತ್ತದೆ. ಕಾರ್ಖಾನೆಯಲ್ಲಿ ನಿಜ ಹೇಳುವುದು ಇದೊಂದೇ ಎಂದು ಜಲಜಮ್ಮನಿಗೆ ಭಕ್ತಿ. ಹನ್ನೆರಡು ವರ್ಷದಿಂದ ಪ್ರತಿ ಶುಕ್ರವಾರ ಮನೆಯಲ್ಲಿ ಗಂಧ ತೇಯ್ದು ಬೆಳ್ಳಿ ಬಟ್ಟಲಲ್ಲಿ ತಂದು, ಮೂರು ಡಬ್ಬಿಯ ಮುಚ್ಚಳಕ್ಕೂ ಬಳಿದು ಕುಂಕುಮ ಇಡುವವಳು ಅವಳೇ.

ಮೂರನೇ ಡಬ್ಬಿಗೆ ಮುಚ್ಚಳವಿರಲಿಲ್ಲ. ದೀಪಾವಳಿಗೆ ಕೋಣೆ ತೊಳೆದಾಗ ಕೀಲು ಮುರಿದಿತ್ತು. ಅಂದಿನಿಂದ ಅವಳು ಅದರಲ್ಲಿದ್ದ, ಸೊಣ್ಣಪ್ಪನ ಪಿನ್ನಿನ ಅಳತೆಯ ಸಣ್ಣ ಮಾಸ್ಟರಿನ ಉಕ್ಕಿನ ಮೈಗೇ ಗಂಧ ಬಳಿದಿದ್ದಳು.

"ಕದಿರಪ್ಪ, ಗಂಧ ಒರೆಸಿ ತಾನೆ ಸೊನ್ನೆ ಹೊಂದಿಸೋದು?"

"ಅಯ್ಯೋ, ಲಕ್ಷ್ಮಿಗಿಟ್ಟ ಕುಂಕುಮ ಒರೆಸೋದುಂಟಾ? ಕುಂಕುಮ ಆ ಕಡೆಗೆ ಬರೋ ಹಂಗೆ ತಿರುಗಿಸಿ ಇಡ್ತೀನಿ. ಸೋಮವಾರ ಹೆಂಗೂ ಎಲ್ಲಾನೂ ಪೆಟ್ರೋಲಲ್ಲಿ ತೊಳೀತೀನಲ್ಲ."

ಕುಂಕುಮ ಕಣ್ಣಿಗೆ ಕಾಣುತ್ತದೆ, ತಿರುಗಿಸಬಹುದು. ಒಣಗಿದ ತೆಳ್ಳನೆಯ ಗಂಧ ಎಣ್ಣೆ ಹಚ್ಚಿದ ಉಕ್ಕಿನ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪಿನ್ನಿನ ಅಳತೆಯಲ್ಲಿ ಕೂದಲೆಳೆಯ ಹತ್ತನೇ ಒಂದು ಪಾಲು ಹೆಚ್ಚುಕಮ್ಮಿಯಾದರೂ ಕೆಂಪು ಬಣ್ಣವೇ. ಗಂಧ ಬಳಿದು ದಪ್ಪಗಾದ ಮಾಸ್ಟರಿನ ಎದುರು ಸರಿಯಾದ ಪಿನ್ನು ಸಣ್ಣದಾಗಿಯೇ ಕಾಣಬೇಕು.

ಆದರೆ ಅಂದಾಜಿನ ಮೇಲೆ ಬಿಡುವ ಜಾತಿ ಅಲ್ಲ ಅವಳು. ಗುಜರಿ ಡಬ್ಬದಿಂದ ಕಳೆದ ಶುಕ್ರವಾರದ ಕೆಂಪು ಪಿನ್ನುಗಳನ್ನು ತರಿಸಿ, ಬಣ್ಣ ತೊಳೆಸಿ, ತಣ್ಣಗಾಗಲು ಬಿಟ್ಟು, ತೊಳೆದ ಮಾಸ್ಟರಿನ ಎದುರು ಅಳೆಸಿದಳು. ನಲವತ್ತರಲ್ಲಿ ಮೂವತ್ತೇಳು ಸರಿಯಾಗಿದ್ದವು. ಆಮೇಲೆ ಕಳೆದ ವಾರ ಅಲ್ಲೇ ಬಿಟ್ಟಿದ್ದ ಬಟ್ಟಲಲ್ಲಿ ಅಂಟಿಕೊಂಡಿದ್ದ ಗಂಧಕ್ಕೆ ಎರಡು ಹನಿ ನೀರು ಹಾಕಿ ಕಲಸಿ, ಎಂದಿನಂತೆ ಬೆರಳಲ್ಲಿ ಬಳಿದು, ಒಣಗಿಸಿ, ಮತ್ತೆ ಸೊನ್ನೆ ಹೊಂದಿಸಲು ಹೇಳಿದಳು. ಅದೇ ಮೂವತ್ತೇಳು ಪಿನ್ನುಗಳೂ ಒಂದಾದಮೇಲೊಂದು ಸಣ್ಣ ಎಂದವು. ಕದಿರಪ್ಪ ಕೊನೆಯ ಪಿನ್ನು ಕೆಳಗಿಟ್ಟು ಬಾಗಿಲು ಮುಚ್ಚಿ ಬಂದ.

"ಅಮ್ಮಾ, ಇದು ನಮ್ಮಿಬ್ಬರಲ್ಲೇ ಇರ್ಲಿ," ಎಂದ ಮೆಲ್ಲಗೆ. "ಮುಚ್ಚಳ ಹಾಕ್ಸಿಬಿಡೋಣ. ತಾನಾಗೇ ಸರಿ ಹೋಗುತ್ತೆ. ಯಾರು ಕೇಳ್ತಾರೆ?"

ಸರಿಹೋಗುತ್ತಿತ್ತು, ಸುಳ್ಳಲ್ಲ. ಮುಚ್ಚಳ ಹಾಕಿದರೆ ಮುಂದಿನ ತಿಂಗಳಿಂದ ಫಾರಂ ಚೊಕ್ಕಟವಾಗುತ್ತಿತ್ತು. ಸೊಣ್ಣಪ್ಪ ಮಾತ್ರ ಅಷ್ಟರಲ್ಲಿ ಮನೆಯಲ್ಲಿರುತ್ತಿದ್ದ, ತನ್ನ ಕೈಗೆ ಏನಾಯಿತೆಂದು ಯೋಚಿಸುತ್ತ. ಜಲಜಮ್ಮ ಪರದೆಯ ಮುಂದೆ ಬಂದು ಕೂತಳು. ವಾರದ ಕಾಲಂ ಅಳಿಸಲು ಬೇಕಾದದ್ದು ಎರಡೇ ಗುಂಡಿ. ಅದನ್ನು ಓದಬಲ್ಲವರು ಈ ಕಾರ್ಖಾನೆಯಲ್ಲಿ ಇನ್ನೊಬ್ಬರಿಲ್ಲ. ಇಷ್ಟು ವರ್ಷ ಮದರಾಸಿನವರು ಲೆಕ್ಕವನ್ನು ತಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದಾರೆ ಎಂದು ಒಳಗೊಳಗೇ ಕುದಿದವಳಿಗೆ, ಈಗ ಅದೇ ಮುಷ್ಟಿ ತನ್ನದಾಗಿದೆ ಎಂದು ಅರಿವಾಯಿತು. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಮೂವತ್ತೆಂಟು ವರ್ಷದ ಹೆಂಗಸು, ಮೇಷ್ಟರ ಮಗಳು, ತಪ್ಪು ಮಾಡಿದೆನೆಂದು ಹೋಗಿ ನಿಲ್ಲುವುದೆಂದರೆ ಸುಲಭವಲ್ಲ. ಪ್ರಿಂಟರಿಗೆ ಕಾಗದ ಹಾಕಿದಳು. ಅದು ಕರ್ರೋ ಎಂದು ಅರಚುತ್ತ ಆರೂ ದಿನವನ್ನು ಕಾಗದದ ಮೇಲೆ ಇಳಿಸಿತು.

ಗುರುವಾರ ಬೆಳಿಗ್ಗೆ ಜಯರಾಮಯ್ಯನವರು ಹಾಳೆಯನ್ನು ಎರಡು ಸಲ ನೋಡಿದರು. ಅವಳು ಎಲ್ಲವನ್ನೂ ಹೇಳಿದಳು, ಬಟ್ಟಲಿನಿಂದ ಹಿಡಿದು ಮೂವತ್ತೇಳು ಪಿನ್ನಿನವರೆಗೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಳೆಯೋ ಗೇಜಿನ ದೋಷ ಅಂತ ಬರೀರಿ. ಮದರಾಸಿಗೆ ಅಷ್ಟು ಸಾಕು."

"ಗೇಜು ಶುಕ್ರವಾರ, ಶನಿವಾರ ನೋಡ್ಕೊಂಡು ಕೆಡಲ್ಲ ಸಾರ್. ಯಾಕೆ ಅಂತ ಅವರು ಕೇಳೇ ಕೇಳ್ತಾರೆ. ಆಗ ಕದಿರಪ್ಪನ ತಲೆಗೆ ಬರತ್ತೆ."

"ನಿಮಗೆ ಮೆಮೋ ಕೊಡಬೇಕಾಗತ್ತೆ ಜಲಜಮ್ಮ. ಐದು ತಿಂಗಳ ಪಿನ್ನು ಗುಜರಿಗೆ ಹೋಗಿದೆ."

"ಕೊಡಿ ಸಾರ್. ಬೋರ್ಡಿನ ಮೇಲಿರೋ ನನ್ನ ಐದು ಹಾಳೆ ತೆಗೆಸಿ, ಇದನ್ನ ಹಾಕ್ಸಿ. ಅದೊಂದು ಕೇಳ್ಕೋತೀನಿ."

ಜಯರಾಮಯ್ಯನವರಿಗೆ ರೇಗಿತೋ ಮೆಚ್ಚಿಗೆಯಾಯಿತೋ ಅವರ ಮುಖದಲ್ಲಿ ತಿಳಿಯಲಿಲ್ಲ. ಆನೆಯ ಮಾತನ್ನಂತೂ ಅವರು ಆಮೇಲೆ ಎತ್ತಲಿಲ್ಲ. ರಾಧಮ್ಮ ಅಂದೇ ಎರಡು ಕಾಗದ ಟೈಪು ಮಾಡಿದಳು. ಒಂದು ಪರ್ಮನೆಂಟ್ ಲಿಸ್ಟು, ಅದರಲ್ಲಿ ಏಳನೆಯ ಹೆಸರು ಸೊಣ್ಣಪ್ಪನದು. ಇನ್ನೊಂದು ಜಲಜಮ್ಮನ ಮೆಮೋ. ಅದನ್ನು ಕೊಡಲು ಬಂದಾಗ ರಾಧಮ್ಮನ ಕಣ್ಣಲ್ಲೇ ನೀರಿತ್ತು.

ಸಂಜೆ ಪಾಳಿ ಬಿಟ್ಟಮೇಲೆ ಜಲಜಮ್ಮ ಸೊಣ್ಣಪ್ಪನನ್ನು ಪರದೆಯ ಮುಂದೆ ಕೂರಿಸಿಕೊಂಡಳು. ಶುಕ್ರವಾರ ಶನಿವಾರಗಳನ್ನು ತೆಗೆದು ತೋರಿಸಿದಳು. ಮೊತ್ತ ತಾನಾಗಿಯೇ ಇಳಿಯಿತು, ನೂರಕ್ಕೆ ಎರಡೂ ಇರಲಿಲ್ಲ.

"ಇದು ನಿನ್ನ ಕೈ. ಮೊದಲು ಹೆಂಗಿತ್ತೋ ಹಂಗೇ ಇದೆ. ಕೆಟ್ಟಿದ್ದು ನನ್ನ ಕೈಯಿಂದ ಸೊಣ್ಣಪ್ಪ. ನಿಮ್ಮ ರಾಗಿ ಮೆದೇನೂ ನನ್ನ ಲೆಕ್ಕ ನಂಬಿ ಹೋಯ್ತು. ಅದಕ್ಕೆ ಏನು ಹೇಳಬೇಕೋ ನಂಗೆ ಗೊತ್ತಾಗ್ತಿಲ್ಲ."

ಅವನು ಒಂದೊಂದೇ ಹಸಿರು ಅಂಕಿಯ ಮೇಲೆ ಬೆರಳಿಟ್ಟು ನೋಡಿದ. ಸಿಟ್ಟು ಮಾಡಿಕೊಳ್ಳುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತೇನೋ.

"ಈ ಹಾಳೆ ನಂಗೊಂದು ಕೊಡ್ತೀರಾ ಅಕ್ಕಾ?" ಎಂದ ಕೊನೆಗೆ. "ನಮ್ಮಪ್ಪಂಗೆ ತೋರುಸ್ಬೇಕು. ಓದಾಕೆ ಬರಾಕಿಲ್ಲ ಅವ್ರಿಗೆ. ತೋರುಸ್ತೀನಿ."

ಅವಳು ತಕ್ಷಣ ಇನ್ನೊಂದು ಪ್ರತಿ ತೆಗೆದು ಕೊಟ್ಟಳು. ಅವನು ಅದನ್ನು ಮಡಿಸದೆ, ಎಣ್ಣೆ ತಾಗದ ಹಾಗೆ ಊಟದ ಡಬ್ಬಿಯ ಚೀಲದಲ್ಲಿ ಸುತ್ತಿ ಇಟ್ಟುಕೊಂಡು ಬಸ್ಸಿಗೆ ಹೋದ.

ಮರುದಿನ ಶುಕ್ರವಾರ. ಜಲಜಮ್ಮ ಮನೆಯಲ್ಲಿ ಗಂಧ ತೇಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಸಾಣೆಕಲ್ಲಿನ ಮುಂದೆ ಕೂತಿದ್ದಳು. ತೇಯ್ದೇ ತಂದಳು. ಸುದ್ದಿ ಕಾರ್ಖಾನೆಯನ್ನೆಲ್ಲ ಸುತ್ತಿಬಂದಿತ್ತು, ಅಳತೆ ಕೋಣೆಯ ಬಾಗಿಲಲ್ಲಿ ಎಂದೂ ಇಲ್ಲದಷ್ಟು ಚಪ್ಪಲಿ ಬಿದ್ದಿದ್ದವು. ಕದಿರಪ್ಪ ರಾತ್ರೋರಾತ್ರಿ ಮೂರನೇ ಡಬ್ಬಿಗೆ ಹೊಸ ಮುಚ್ಚಳ ಮಾಡಿಸಿ ತಂದಿದ್ದ. ಅವಳು ಮೂರು ಮುಚ್ಚಳಕ್ಕೂ ಗಂಧ ಬಳಿದು ಕುಂಕುಮ ಇಟ್ಟಳು. ಮಾಸ್ಟರುಗಳ ಕಡೆ ಬೆರಳು ಚಾಚಲಿಲ್ಲ. ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು, ಕೆನ್ನೆ ಬಿಸಿಯಾಗಿತ್ತು.

ಬಟ್ಟಲಲ್ಲಿ ಇನ್ನೂ ಒಂದಿಷ್ಟು ಗಂಧ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ತೋಚದೆ ಹಿಡಿದು ನಿಂತಿದ್ದಾಗ ಗುಂಪಿನಿಂದ ಸೊಣ್ಣಪ್ಪ ಮುಂದೆ ಬಂದ. ನಿದ್ದೆಗೆಟ್ಟು ಅವನ ಕಣ್ಣು ಕೆಂಡವಾಗಿದ್ದವು. ಬೇಸ್ತವಾರ ಅವನ ಸರದಿ.

"ರಾತ್ರಿ ಅಪ್ಪನ ಕೂಟೆ ಹೊಲ್ದಾಗಿದ್ದೆ ಅಕ್ಕಾ," ಎಂದ. "ಅವರೆಕಾಯಿ ಐತೆ ಇನ್ನೂ. ಮಾತಾಡಿದ್ರು."

ಹಾಗೆಂದು ಬಗ್ಗಿ, ಹಣೆಯನ್ನು ಅವಳ ಬೆರಳಿನ ಹತ್ತಿರಕ್ಕೆ ತಂದು ನಿಂತ.

"ಇಲ್ಲಿಡಿ. ಇದನ್ನ ಯಾರೂ ಅಳೆಯಾಕಿಲ್ಲ."

ಕೋಣೆಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಜಲಜಮ್ಮ ನಗಲು ಹೋದವಳು ಅತ್ತುಬಿಟ್ಟಳು. ಎಡಗೈಯಲ್ಲಿ ಕಣ್ಣೊರೆಸಿಕೊಂಡು, ಬಲಗೈಯಿಂದ ಅವನ ಹಣೆಗೆ ಗಂಧವನ್ನು ದಪ್ಪಗೆ ಬಳಿದಳು.